ಪುಕ್ಕಟೆ ವಸ್ತುವಿಗೆ ಟೆಂಡರ್ ಕರೆಯೋದು ಹೇಗೆ?

ವಿಜಯಪುರದ ಒಂದು ಪತ್ತಿನ ಸಹಕಾರಿ ಸಂಘಕ್ಕೆ ಹೊಸ ಸಾಫ್ಟ್‌ವೇರ್ ಬೇಕಾಯಿತು. ಸಂಘದ ಹೆಸರು ಬೇಡ ಬಿಡಿ. ಒಂದರ ಹೆಸರು ಬರೆದರೆ ಉಳಿದವರು, ನಮ್ಮದೇನು ಕಡಿಮೆ ಇತ್ತು ಅಂತ ಜಗಳಕ್ಕೆ ಬರುತ್ತಾರೆ.

ಆಡಳಿತ ಮಂಡಳಿ ಕೂತು, ಚೂಡಾ ತಿಂದು, ಚಹಾ ಕುಡಿದು ಠರಾವು ಮಾಡಿತು: ಹೊಸ ಸಿಸ್ಟಮ್ ಕಡ್ಡಾಯವಾಗಿ 'ಓಪನ್' ಇರಬೇಕು. ಹಾಗಂದರೆ ಏನು ಅಂತ ಯಾರೂ ಕೇಳಲಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲ ಅನ್ನೋದು ಗೊತ್ತಾಗಿಬಿಡುತ್ತೆ ಅಲ್ವಾ? ಹೇಳಬೇಕಾದವರಿಗೂ ಅದೇ ಭಯ.

ಒಬ್ಬ ನಿರ್ದೇಶಕರ ಅಕ್ಕನ ಮಗ ಎಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದ. ಕಂಪ್ಯೂಟರ್ ಬಲ್ಲವನು ಅಂತ ಅವನನ್ನು ಕರೆಸಿದರು. ಎಡವಟ್ಟಾಗಿದ್ದು ಅಲ್ಲೇ. ಅವನಿಗೆ ನಿಜವಾಗಿಯೂ ಕಂಪ್ಯೂಟರ್ ಗೊತ್ತಿತ್ತು. ಸಣ್ಣ ಸಾಲ ಕೊಡುವ ಸಂಸ್ಥೆಗಳಿಗಾಗಿಯೇ ಬೆಳೆದ ಅಪಾಚೆ ಫಿನೆರಾಕ್ಟ್ ಅನ್ನೋ ಓಪನ್ ಸೋರ್ಸ್, ಅಂದರೆ ಒಳಗಿನ ಬರಹವನ್ನು (ಕೋಡ್) ಯಾರು ಬೇಕಾದರೂ ನೋಡಿ, ತಿದ್ದಿ, ಹಂಚಬಹುದಾದ, ಸಾಫ್ಟ್‌ವೇರ್ ಇದೆ ಅಂದ. ಠೇವಣಿ, ಸಾಲ, ಬಡ್ಡಿ, ಕಂತು ಎಲ್ಲಾ ಅದರಲ್ಲಿದೆ, ಕೆಳಗೆ ಕಂಪ್ಯೂಟರ್ ನಡೆಸೋ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದರಾಯಿತು. ನಮ್ಮ ಪಿಗ್ಮಿ ಲೆಕ್ಕಕ್ಕೆ ಸರಿಹೊಂದುವಂತೆ ಕೋಡ್ ಸ್ವಲ್ಪ ತಿದ್ದಬೇಕು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

"ರೊಕ್ಕ ಎಷ್ಟಪಾ?" ಅಂತ ಅಧ್ಯಕ್ಷರು ಕೇಳಿದರು.

"ಸಾಫ್ಟ್‌ವೇರಿಗೆ ಏನೂ ಇಲ್ಲ ಕಾಕಾ, ಪುಕ್ಕಟ. ಕೂಡಿಸಿ ಕೊಡವ್ರಿಗೆ, ಆಮ್ಯಾಲ ನೋಡಿಕೊಳ್ಳವ್ರಿಗೆ ಅಷ್ಟ ಕೊಡಬೇಕು. ಊರಾಗಿನ ಹುಡುಗ್ರೇ ಮಾಡತಾರ."

"ಪುಕ್ಕಟ ಅಂದ್ರ ಟೆಂಡರ್ ಹೆಂಗ ಕರಿಯೂದೋ ತಮ್ಮಾ?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನೆಲ್ಲ ಹೇಳಿಕೊಡುವುದಿಲ್ಲ.

ತೊಡಕು ನಿಜವಾದದ್ದೇ. ಸಂಘದ ಟೆಂಡರ್ ಫಾರ್ಮ್ ಹಳೆಯದು. ಮೊದಲು ಕಪಾಟು ಖರೀದಿಗೆ ಬರೆದಿದ್ದರು, ಆಮೇಲೆ ಅದನ್ನೇ ಜನರೇಟರಿಗೆ ಬಳಸಿದರು, ಈಗ ಸಾಫ್ಟ್‌ವೇರಿಗೆ. ಅದರಲ್ಲಿ ಮೂರು ವರ್ಷದ ವಹಿವಾಟು ತೋರಿಸಬೇಕು. ವಸ್ತುವಿನ ಮೂಲ ತಯಾರಕರಿಂದ ಅಧಿಕಾರ ಪತ್ರ ತರಬೇಕು, ಅದರ ಮೇಲೆ ಶಿಕ್ಕಾ ಇರಬೇಕು. ಲಿನಕ್ಸ್‌ಗೆ ಮೂಲ ತಯಾರಕರು ಯಾರು? 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ. ಆಮೇಲೆ ಜಗತ್ತಿನ ಸಾವಿರಾರು ಜನ ಕೈ ಹಾಕಿದರು. ಹಾಗಾದರೆ ಆ ಲಿನಸ್ ಸಾಹೇಬರಿಂದಲೇ ಒಂದು ಪತ್ರ ತರಿಸಿಬಿಡು ಅಂದರು ಕಾರ್ಯದರ್ಶಿ. ಲೆಟರ್‌ಹೆಡ್ ಇಲ್ಲದಿದ್ದರೆ ಬಿಳಿ ಹಾಳೆ ನಡೆಯುತ್ತದೆ, ಆದರೆ ಶಿಕ್ಕಾ ಬೇಕೇ ಬೇಕು.

ಹುಡುಗ ಇನ್ನೊಂದು ಪಟ್ಟು ಹಾಕಿದ. ಕೇಂದ್ರ ಸರ್ಕಾರವೇ 2015ರಲ್ಲಿ ಓಪನ್ ಸೋರ್ಸ್ ನೀತಿ ತಂದಿದೆ. ಸರ್ಕಾರಿ ಖರೀದಿಯಲ್ಲಿ ಓಪನ್ ಸೋರ್ಸ್‌ಗೆ ಮೊದಲ ಆದ್ಯತೆ ಕೊಡಬೇಕು, ಅದನ್ನು ಬಿಟ್ಟರೆ ಯಾಕೆ ಬಿಟ್ಟೆವು ಅಂತ ಕಾರಣ ಕೊಡಬೇಕು ಅಂತ ಅದರಲ್ಲಿದೆ. ಕಾರ್ಯದರ್ಶಿ ಶಾಂತವಾಗಿ ಕೇಳಿಸಿಕೊಂಡರು. "ಅದು ದಿಲ್ಲಿದ ಆತು. ಇದು ಸಂಘ."

ಆಮೇಲೆ ಎಲ್ಲರೂ ಕಾಯುತ್ತಿದ್ದ ಪ್ರಶ್ನೆ ಬಂತು. ಮೂಲೆಯಲ್ಲಿದ್ದ ಹಿರಿಯ ನಿರ್ದೇಶಕರು ಕೇಳಿದರು: "ನಾಳೆ ಕೆಟ್ರ ಯಾರಿಗೆ ಬೈಬೇಕು?"

ಇದನ್ನು ನಾನು ತಮಾಷೆ ಮಾಡೋದಿಲ್ಲ. ಅವತ್ತಿನ ಸಭೆಯಲ್ಲಿ ಬಂದ ಬುದ್ಧಿವಂತ ಪ್ರಶ್ನೆ ಅದೊಂದೇ. ತಿಂಗಳ ಕೊನೆಗೆ ಬಡ್ಡಿ ಲೆಕ್ಕ ನಿಂತುಬಿಟ್ಟರೆ ಕೌಂಟರಿನ ಮುಂದೆ ನಿಂತ ಸದಸ್ಯರಿಗೆ ಸೋರ್ಸ್ ಕೋಡ್ ತೋರಿಸಲು ಆಗುವುದಿಲ್ಲ. ಆದರೆ ಕಂಪನಿಯ ಕರಾರು ಪತ್ರವನ್ನು ಕೊನೆಯ ಪುಟದವರೆಗೆ ಓದಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಸಾಫ್ಟ್‌ವೇರಿನಿಂದ ಆದ ನಷ್ಟಕ್ಕೆ ನಾವು ಹೊಣೆಯಲ್ಲ ಅಂತ ಅಲ್ಲಿಯೂ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಓಪನ್ ಸೋರ್ಸ್ ಲೈಸೆನ್ಸಿನಲ್ಲೂ ಅದೇ ಮಾತು ಇದೆ, ದೊಡ್ಡ ಅಕ್ಷರದಲ್ಲಿ. ಕಂಪನಿಗೆ ಬೈಯಬಹುದು, ನಿಜ. ಬೈದವರಿಗೆ ಟಿಕೆಟ್ ನಂಬರ್ ಕೊಡುತ್ತಾರೆ.

ಪುಣೆಯಿಂದ ಕಂಪನಿಯವರು ಬಂದರು. ಕೋಟು, ಲ್ಯಾಪ್‌ಟಾಪು, ಗೋಡೆಯ ಮೇಲೆ ಬಣ್ಣಬಣ್ಣದ ಸ್ಲೈಡು. ಓಪನ್ ಆರ್ಕಿಟೆಕ್ಚರ್, ಓಪನ್ ಎಪಿಐ, ಓಪನ್ ಸ್ಟ್ಯಾಂಡರ್ಡ್. ಪ್ರತಿ ಸ್ಲೈಡಿನಲ್ಲೂ ತೆರೆದ ಬಾಗಿಲಿನ ಚಿತ್ರ. ಒಳಗಿನ ಕೋಡ್ ನೋಡಬಹುದಾ ಅಂತ ಹುಡುಗ ಕೇಳಿದ. ಅದು ಕಂಪನಿಯ ಆಸ್ತಿ ಅಂದರು. ನಮ್ಮ ಡೇಟಾಬೇಸಿನ ಪಾಸ್‌ವರ್ಡ್ ನಮಗೆ ಕೊಡುತ್ತೀರಾ? ಭದ್ರತೆಯ ದೃಷ್ಟಿಯಿಂದ ಅದು ಪುಣೆಯಲ್ಲೇ ಇರುತ್ತದೆ ಅಂದರು. ಬೇರೆ ಸಾಫ್ಟ್‌ವೇರ್ ಇದರ ಜೊತೆ ಮಾತಾಡುವ ದಾರಿ, ಅಂದರೆ ಎಪಿಐ? ಓಪನ್ ಇದೆ, ಅದರ ಕೀಗೆ ವರ್ಷಕ್ಕಿಷ್ಟು ಚಾರ್ಜು.

ಈ ಆಟಕ್ಕೆ ಪುಣೆಯವರನ್ನು ಬೈದು ಉಪಯೋಗವಿಲ್ಲ. ಇದನ್ನು ದೊಡ್ಡವರು ಯಾವತ್ತೋ ಆಡಿ ತೋರಿಸಿದ್ದಾರೆ. 1980ರ ದಶಕದಲ್ಲಿ ಐಬಿಎಂ, ಎಚ್‌ಪಿ, ಸನ್, ಡಿಇಸಿ ಅನ್ನೋ ಕಂಪ್ಯೂಟರ್ ಕಂಪನಿಗಳೆಲ್ಲದರ ಹತ್ತಿರವೂ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ಒಂದೊಂದು ಅವತಾರ ಇತ್ತು. ಎಲ್ಲರದ್ದೂ ಓಪನ್ ಸಿಸ್ಟಮ್ಮೇ. ಒಬ್ಬರದರಲ್ಲಿ ಓಡಿದ ಪ್ರೋಗ್ರಾಮು ಇನ್ನೊಬ್ಬರದರಲ್ಲಿ ಸುಮ್ನೆ ಓಡುತ್ತಿರಲಿಲ್ಲ, ಅಷ್ಟೇ. 1988ರಲ್ಲಿ ಐಬಿಎಂ, ಎಚ್‌ಪಿ, ಡಿಇಸಿ ಮತ್ತಿತರರು ಸೇರಿ ಓಪನ್ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದರು. ಅದಕ್ಕೆ ಎದುರಾಗಿ ಎಟಿ ಅಂಡ್ ಟಿ ಮತ್ತು ಸನ್ ಕಡೆಯವರು ಯುನಿಕ್ಸ್ ಇಂಟರ್‌ನ್ಯಾಷನಲ್ ಕಟ್ಟಿದರು. ಯಾರು ಜಾಸ್ತಿ ಓಪನ್ ಅನ್ನೋದಕ್ಕೆ ವರ್ಷಗಟ್ಟಲೆ ಜಗಳ ನಡೆಯಿತು. ಡಿಇಸಿಯಂತೂ 1990ರ ದಶಕದ ಶುರುವಿನಲ್ಲಿ ತನ್ನ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ವಿಎಂಎಸ್ಸನ್ನು ಓಪನ್‌ವಿಎಂಎಸ್ ಅಂತ ಕರೆಯಲು ಶುರು ಮಾಡಿತು. ಬೇರೆ ಕಡೆಯ ಪ್ರೋಗ್ರಾಮುಗಳಿಗೆ ದಾರಿಯಾಗಲಿ ಅಂತ ಪಾಸಿಕ್ಸ್ ಅನ್ನೋ ಮಾನದಂಡಕ್ಕೆ ಬೆಂಬಲ ಕೊಟ್ಟದ್ದು ಹೌದು. ಕೋಡ್ ಮಾತ್ರ ಬೀಗದೊಳಗೇ ಇತ್ತು.

ಅದರಿಂದ ಏನೂ ಒಳ್ಳೆಯದಾಗಲಿಲ್ಲ ಅಂದರೆ ಅನ್ಯಾಯ. 1988ರ ಪಾಸಿಕ್ಸ್ ಮಾನದಂಡ ದೊಡ್ಡ ಉಪಕಾರ ಮಾಡಿತು. ಯುನಿಕ್ಸ್ ಥರದ ಸಿಸ್ಟಮ್ ಪ್ರೋಗ್ರಾಮುಗಳ ಜೊತೆ ಹೇಗೆ ಮಾತಾಡಬೇಕು ಅನ್ನೋದು ಕಾಗದದ ಮೇಲೆ ಬಂತು. ಲಿನಸ್ ಕೂಡ 1991ರಲ್ಲಿ ಅದೇ ಮಾನದಂಡ ಹುಡುಕಿಕೊಂಡು ಊರೆಲ್ಲಾ ಕೇಳಿದ್ದ. ಕಂಪನಿಗಳು ನಿಯಮವನ್ನು ಪ್ರಕಟಿಸಿ, ಅದರ ಪ್ರಕಾರ ಬರೆದ ಕೋಡನ್ನು ಮುಚ್ಚಿಟ್ಟವು. ಲಿನಸ್ ಬರೆದದ್ದನ್ನೇ ಬಿಚ್ಚಿಟ್ಟ. ಅದಕ್ಕೂ ಮೊದಲು, 1983ರಲ್ಲೇ, ರಿಚರ್ಡ್ ಸ್ಟಾಲ್ಮನ್ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಘೋಷಿಸಿದ್ದ. ನೋಡು, ತಿದ್ದು, ಹಂಚು ಅನ್ನೋದಕ್ಕೆ ಕಾನೂನಿನ ಬಲ ಕೊಟ್ಟ ಜಿಪಿಎಲ್ ಲೈಸೆನ್ಸ್ 1989ರಲ್ಲಿ ಬಂತು.

ಕಾರ್ಯದರ್ಶಿಯವರಿಗೆ ಇಷ್ಟವಾಗುವ ಸಂಗತಿ ಒಂದಿದೆ. ಯುನಿಕ್ಸ್ ಹೆಸರಿಗೂ ಶಿಕ್ಕಾ ಇದೆ. ದಿ ಓಪನ್ ಗ್ರೂಪ್ ಅನ್ನೋ ಸಂಸ್ಥೆ ಪರೀಕ್ಷೆ ಮಾಡಿ, ಶುಲ್ಕ ತಗೊಂಡು ಆ ಪ್ರಮಾಣಪತ್ರ ಕೊಡುತ್ತದೆ. ಆಪಲ್‌ನ ಮ್ಯಾಕ್‌ಓಎಸ್‌ಗೆ ಅದು ಸಿಕ್ಕಿದೆ, ಅದರ ಪೂರ್ತಿ ಕೋಡ್ ಆಪಲ್ ಹೊರಗೆ ಬಿಟ್ಟಿಲ್ಲ. ನಾವು ದಿನಾ ನೋಡುವ ಲಿನಕ್ಸ್‌ಗಳ ಕೋಡ್ ಎಲ್ಲರ ಮುಂದಿದೆ, ಅವುಗಳಲ್ಲಿ ಬಹುತೇಕ ಯಾವುದಕ್ಕೂ ಆ ಶಿಕ್ಕಾ ಇಲ್ಲ. ನಮ್ಮ ಸಂಘದ ಟೆಂಡರಿನಲ್ಲಿ ಯಾವುದು ಪಾಸಾಗುತ್ತದೆ, ನೀವೇ ಹೇಳಿ.

ಕಡತಗಳ ಕಥೆ ಇನ್ನೂ ಚೆನ್ನಾಗಿದೆ. 2006ರಲ್ಲಿ ಓಡಿಎಫ್ ಅನ್ನೋ ಕಡತದ ನಮೂನೆಗೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒದ ಮಾನ್ಯತೆ ಸಿಕ್ಕಿತು. ಮೈಕ್ರೋಸಾಫ್ಟ್ ತನ್ನದೂ ಓಪನ್ ಅಂತ ಹೇಳಿ ವರ್ಡ್, ಎಕ್ಸೆಲ್ ಕಡತಗಳ ಓಓಎಕ್ಸ್‌ಎಂಎಲ್ ನಮೂನೆ ತಂದಿತು. ಅದರ ವಿವರಣೆ 6,000 ಪುಟಕ್ಕೂ ಜಾಸ್ತಿ. ಪುಟಗಳೆಲ್ಲ ತೆರೆದೇ ಇದ್ದವು, ಓದಿ ಮುಗಿಸೋರು ಬೇಕಿತ್ತು. ಭಾರತ ಬೇಡ ಅಂತ ಮತ ಹಾಕಿತು. ಆದರೂ 2008ರಲ್ಲಿ ಅದಕ್ಕೂ ಐಎಸ್‌ಒ ಮುದ್ರೆ ಬಿತ್ತು. ಇವತ್ತು ನಮ್ಮ ಕಚೇರಿಗಳಲ್ಲಿ ಓಡಾಡುವ ಕಡತ ಯಾವುದು ಅಂತ ಕೇಳಲೇಬೇಡಿ.

ಕಂಪ್ಯೂಟರ್ ಬರುವ ಮೊದಲು ಸಂಘದ ಲೆಕ್ಕ ಕಿರ್ದಿ, ಖತಾವಣಿಯಲ್ಲಿ ಇರುತ್ತಿತ್ತು. ಕಾರಕೂನ ಬಿಟ್ಟು ಹೋದರೆ ಹೊಸಬ ಬಂದು ಅದೇ ಪುಸ್ತಕ ತೆಗೆದು ಮುಂದಿನ ಸಾಲು ಬರೆಯುತ್ತಿದ್ದ. ಪುಸ್ತಕ ಕಟ್ಟಿಕೊಟ್ಟ ಬೈಂಡರು ಬಂದು, ಪುಟ ತಿರುವಲು ವರ್ಷಕ್ಕಿಷ್ಟು ಕೊಡಿ ಅಂತ ಕೇಳಿದ ಉದಾಹರಣೆ ಇಲ್ಲ. ಕಂಪ್ಯೂಟರ್ ಬಂದ ಮೇಲೆ ಮೊದಲ ಏಟು ಬಿದ್ದದ್ದು ಠರಾವು ಪುಸ್ತಕಕ್ಕೆ. ಹಳೆ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಠರಾವುಗಳು ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆಗಳಾಗಿ ಕಾಣತೊಡಗಿದವು. ಎಲ್ಲಾ ಭಾಷೆಯ ಅಕ್ಷರಗಳಿಗೂ ಎಲ್ಲಾ ಕಂಪ್ಯೂಟರಿನಲ್ಲೂ ಒಂದೇ ಸಂಖ್ಯೆ ಕೊಡುವ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ನಮ್ಮ ಕಚೇರಿಗಳಿಗೆ ಆ ಸುದ್ದಿ ತಲುಪಲು ಬಹಳ ವರ್ಷ ಹಿಡಿಯಿತು. ಈಗಲೂ ಆ ಠರಾವು ಓದಬೇಕಾದರೆ ಹಳೆ ಕಂಪ್ಯೂಟರಿನ ಧೂಳು ಒರೆಸಿ ಚಾಲೂ ಮಾಡುತ್ತಾರೆ. ಅದು ಚಾಲೂ ಆದ ದಿನ ಕಾರ್ಯದರ್ಶಿ ಅದಕ್ಕೆ ಕೈ ಮುಗಿಯುತ್ತಾರೆ.

ಸಭೆಯ ಕೊನೆಗೆ ಹಿರಿಯ ನಿರ್ದೇಶಕರು ಮತ್ತೆ ಬಾಯಿ ತೆರೆದರು. "ತಮ್ಮಾ, ನಿನ್ನ ಓಪನ್ ಸೋರ್ಸ್ ಅಂದ್ರ ನಮ್ಮ ಬಾರಾಕಮಾನ್ ಇದ್ದಂಗ ಅದ ನೋಡು. ನಾಕೂ ಕಡೆ ತೆರದದ. ಯಾರ ಬೇಕಾದ್ರೂ ಒಳಗ ಬರತಾರ, ಮ್ಯಾಲ ಚಾವಣಿನೂ ಇಲ್ಲ."

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಆಮೇಲೆ ಅವನು 2024ರ ಮಾರ್ಚ್ ತಿಂಗಳ ಕಥೆ ಹೇಳಿದ. ಎಕ್ಸ್‌ಜೆಡ್ ಅನ್ನೋ ಓಪನ್ ಸೋರ್ಸ್ ಉಪಕರಣದೊಳಗೆ ಒಬ್ಬ ಸಹಾಯ ಮಾಡುವ ನೆಪದಲ್ಲಿ ವರ್ಷಗಟ್ಟಲೆ ನಂಬಿಕೆ ಗಳಿಸಿ ಕಳ್ಳಬಾಗಿಲು ಇಟ್ಟಿದ್ದ. ಆಂಡ್ರೆಸ್ ಫ್ರಾಯಿಂಡ್ ಅನ್ನೋ ಎಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡು ನಿಧಾನ ಅನ್ನಿಸಿತು. ಯಾಕೆ ಅಂತ ಕೋಡ್ ಬಿಚ್ಚಿ ನೋಡಿದ, ಕಳ್ಳಬಾಗಿಲು ಸಿಕ್ಕಿಬಿತ್ತು. ಅಂದರೆ ಕಳ್ಳ ಬರುತ್ತಾನೆ, ಅದು ಖರೆ. ನೋಡೋರು ಇಲ್ಲದಿದ್ದರೆ ಉಳಿದುಕೊಳ್ಳುತ್ತಾನೆ, ಅದೂ ಖರೆ. ಮುಚ್ಚಿದ ಕೋಡಿನಲ್ಲಿ ನಿಧಾನ ಆದರೆ ಬಿಚ್ಚಿ ನೋಡಲು ಹೊರಗಿನವರಿಗೆ ಕೋಡೇ ಇರುವುದಿಲ್ಲ.

"ಅರ್ಧ ಸೆಕೆಂಡ್?" ಅಧ್ಯಕ್ಷರಿಗೆ ಆಶ್ಚರ್ಯವಾಯಿತು. "ನಮ್ಮದು ಅರ್ಧ ತಾಸು ತಗೋತದ. ಯಾರಿಗೂ ಸಂಶೇನ ಬಂದಿಲ್ಲಲ್ಲಪಾ."

ಟೆಂಡರ್ ಪುಣೆಯವರಿಗೆ ಆಯಿತು. ಎರಡು ವರ್ಷ ಸಾಗಿತು. ಮೂರನೇ ವರ್ಷ ನಿರ್ವಹಣೆ ಚಾರ್ಜು ಏರಿದಾಗ ಮಂಡಳಿಗೆ ಸಿಟ್ಟು ಬಂತು. ಬೇರೆ ಕಂಪನಿಗೆ ಹೋಗುತ್ತೇವೆ, ನಮ್ಮ ಡೇಟಾ ಕೊಡಿ ಅಂದರು. ಕೊಡುತ್ತೇವೆ, ಅದು ನಿಮ್ಮದೇ ಅಂತ ಪುಣೆಯವರು ಬಹಳ ವಿನಯದಿಂದ ಹೇಳಿದರು. ಡೇಟಾ ತೆಗೆದುಕೊಡುವ ಶುಲ್ಕ ಎಷ್ಟು ಅಂತ ಕೊಟೇಶನ್ ಕಳಿಸಿದರು. ಹೊಸ ಸಾಫ್ಟ್‌ವೇರ್ ಅದಕ್ಕಿಂತ ಅಗ್ಗ ಇತ್ತು. ಪುಕ್ಕಟೆ ಬೇಕಾದರೆ ಎಲ್ಲಾ ಖಾತೆಗಳ ಪಿಡಿಎಫ್ ಕೊಡುತ್ತೇವೆ ಅಂದರು. ಪಿಡಿಎಫ್ ಓಪನ್ ಸ್ಟ್ಯಾಂಡರ್ಡ್, ಯಾರೂ ಇಲ್ಲ ಅನ್ನುವಂತಿಲ್ಲ. ಅದನ್ನು ನೋಡಿಕೊಂಡು ಒಂದೊಂದೇ ಖಾತೆ ಮತ್ತೆ ಟೈಪ್ ಮಾಡಿಕೊಳ್ಳಬಹುದು.

ಮತ್ತೆ ಹುಡುಗನನ್ನು ಕರೆಸಿದರು. ಅವನು ಸರ್ವರ್ ಮುಂದೆ ಕೂತು ಅಲ್ಲಿ ಇಲ್ಲಿ ಒತ್ತಿದ. ಮೂಲೆಯ ಮೆನುವಿನಲ್ಲಿ ಲೈಸೆನ್ಸುಗಳ ಪಟ್ಟಿ ಸಿಕ್ಕಿತು. ಕೆಳಗೆ ಲಿನಕ್ಸ್, ಅದರ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಅಪಾಚೆ ಟಾಮ್‌ಕ್ಯಾಟ್ ಅನ್ನೋ ವೆಬ್ ಸರ್ವರ್. ಅಡಿಪಾಯವೆಲ್ಲ ಓಪನ್ ಸೋರ್ಸ್. ಪುಣೆಯವರದ್ದು ಮೇಲಿನ ಪದರ ಮತ್ತು ಪಾಸ್‌ವರ್ಡು. ಪೋಸ್ಟ್‌ಗ್ರೆಸ್, ಟಾಮ್‌ಕ್ಯಾಟ್ ಲೈಸೆನ್ಸುಗಳು ಇದನ್ನು ತಡೆಯುವುದಿಲ್ಲ. ಲಿನಕ್ಸ್ ಮೇಲೆ ಸ್ವಂತ ಪ್ರೋಗ್ರಾಮು ಓಡಿಸಿದ ಮಾತ್ರಕ್ಕೆ ಅದರ ಕೋಡ್ ಕೊಡಬೇಕು ಅಂತ ಜಿಪಿಎಲ್ ಕೂಡ ಹೇಳುವುದಿಲ್ಲ. ಕಾನೂನಿನ ಪ್ರಕಾರ ಎಲ್ಲಾ ಸರಿ.

ಹುಡುಗ ಇದನ್ನು ಸಭೆಗೆ ವಿವರಿಸಿ, ಇನ್ನಾದರೂ ಸಿಟ್ಟಾಗುತ್ತಾರೆ ಅಂತ ಕಾದ. ಅಧ್ಯಕ್ಷರ ಮುಖ ಅರಳಿತು.

"ಅಂದ್ರ ನಾವು ಮೊದ್ಲ ಓಪನ್ ಸೋರ್ಸ್ ತಗೊಂಡೇವಿ ಅಂದಂಗಾತು!"

ಅಧ್ಯಕ್ಷರಿಗೆ ಅಭಿನಂದನೆಯ ಠರಾವು ಸರ್ವಾನುಮತದಿಂದ ಪಾಸಾಯಿತು. ವಾರ್ಷಿಕ ವರದಿಯಲ್ಲಿ ಅದಕ್ಕೆ ಅರ್ಧ ಪುಟ ಮೀಸಲಿಟ್ಟರು. ಏರಿದ ನಿರ್ವಹಣೆ ಚಾರ್ಜಿಗೆ ಅದೇ ಸಭೆಯಲ್ಲಿ ಮಂಜೂರಾತಿ ಸಿಕ್ಕಿತು. ಕರಾರನ್ನು ಇನ್ನೂ ಐದು ವರ್ಷ ಮುಂದುವರಿಸಿದರು. ಪಾಸ್‌ವರ್ಡ್ ಪುಣೆಯಲ್ಲಿ ಆರಾಮಾಗಿದೆ.