ಗ್ರೌಟ್ ನಂಬಿ ಕೆಟ್ಟವನ ಮಾತು
‘ಟೈಲ್ಸ್ ಸಂದಿಗೆ ಗ್ರೌಟ್ ಸರಿಯಾಗಿ ತುಂಬಿಸಿದರೆ ಬಚ್ಚಲು ಸೋರುವುದಿಲ್ಲ’ ಎಂಬ ಲೇಖನವೊಂದರ ಮಾತನ್ನು ಒಪ್ಪಲಾರೆ. ಸಿಮೆಂಟ್ ಗ್ರೌಟ್ ನೀರು ಹೀರುತ್ತದೆ. ಸೋರಿಕೆ ತಡೆಯಬೇಕಾದದ್ದು ಟೈಲ್ಸ್ ಅಡಿಯ ವಾಟರ್‌ಪ್ರೂಫಿಂಗ್ ಲೇಪನ. ಕೋಲಾರದ ನಮ್ಮ ಮನೆಗೆ ಕೊಳವೆಬಾವಿಯ ಗಡಸು ನೀರು. ಬಿಳಿ ಕಲೆ ಹೋಗಲೆಂದು ವಾರಕ್ಕೊಮ್ಮೆ ಆ್ಯಸಿಡ್ ಸುರಿದು ಉಜ್ಜಿದೆ (ಮಡದಿ ಬೇಡವೆಂದರೂ ಕೇಳಲಿಲ್ಲ). ಎರಡೇ ವರ್ಷಕ್ಕೆ ಗ್ರೌಟ್ ಸವೆದು, ಕೆಳಗಿನ ಕೋಣೆಯ ಚಾವಣಿಯಲ್ಲಿ ತೇವದ ನಕ್ಷೆ ಮೂಡಿತು. ಟೈಲ್ಸ್ ಕೀಳಿಸಿದರೆ ಅಡಿಯಲ್ಲಿ ಲೇಪನವೇ ಇಲ್ಲ! ಈ ಸಲ ನೆಲ, ಗೋಡೆ ಸೇರುವ ಮೂಲೆಯನ್ನು ಗಾರೆಯಿಂದ ದುಂಡಗೆ ಮಾಡಿಸಿ, ಎರಡು ಕೋಟ್ ಲೇಪನ ಹೊಡೆಸಿ, ಅದು ಒಣಗಿದ ಮೇಲೆ ನೀರು ಹೊರಹೋಗುವ ಪೈಪಿನ ಬಾಯಿ ಮುಚ್ಚಿ 48 ಗಂಟೆ ನೆಲದ ಮೇಲೆ ನೀರು ನಿಲ್ಲಿಸಿದೆ. ಮೇಸ್ತ್ರಿ ಗೊಣಗಿದರು. ಕೆಳಗೆ ಹನಿ ಕಾಣಲಿಲ್ಲ, ಆಮೇಲೆಯೇ ಟೈಲ್ಸ್ ಹಾಕಲು ಬಿಟ್ಟೆ.