ಕಿಟಕಿ ಮುಚ್ಚಿ, ಮಳೆಯ ಪಾಠ ಶುರುವಾಗಲಿ

ಕೊಡಗಿನ ತರಗತಿಯಲ್ಲಿ ‘ಪರ್ವತ ಮಳೆ’ಯನ್ನು ಸೃಜನಶೀಲವಾಗಿ ಕಲಿಸಲು ಬೇಕಾಗುವ ಸಾಮಾನು: ಎರಡು ಥರ್ಮಾಕೋಲ್ ಹಾಳೆ, ಪೋಸ್ಟರ್ ಬಣ್ಣ, ಒಂದು ಹಿಡಿ ಹತ್ತಿ, ಕ್ಷೌರದಂಗಡಿಯಲ್ಲಿ ಇರುವಂಥ ಸ್ಪ್ರೇ ಬಾಟಲಿ, ಚಾರ್ಜ್ ಆಗಿರುವ ಮೊಬೈಲ್. ಮೊಬೈಲನ್ನು ಮೊದಲು ನೋಡಿಕೊಳ್ಳಿ. ಫೋಟೊ ವಾಟ್ಸ್ಆ್ಯಪ್ ಗುಂಪಿಗೆ ಹೋಗದಿದ್ದರೆ ಚಟುವಟಿಕೆ ನಡೆದೇ ಇಲ್ಲ.

ಕಿಟಕಿ ಭದ್ರವಾಗಿ ಹಾಕಿ. ಹೊರಗೆ ಜುಲೈ ತಿಂಗಳ ಮಳೆ ಹೊಡೆಯುತ್ತಿರುತ್ತದೆ, ಎರಚಲು ಬಿದ್ದರೆ ಮಾದರಿ ಹಾಳು.

ಹಾಳೆಗಳನ್ನು ಕತ್ತರಿಸಿ ಒಂದರ ಮೇಲೊಂದು ಫೆವಿಕಾಲ್‌ನಲ್ಲಿ ಅಂಟಿಸಿ. ಅವಸರಕ್ಕೆ ಫೆವಿಕ್ವಿಕ್ ಹಾಕಬೇಡಿ, ಡಬ್ಬಿಯ ಸ್ಪ್ರೇ ಪೇಂಟ್ ಅಂತೂ ಬೇಡವೇ ಬೇಡ. ಎರಡೂ ಥರ್ಮಾಕೋಲನ್ನು ತಿಂದುಹಾಕುತ್ತವೆ. ಕೊಡಗಿನ ಅತಿ ಎತ್ತರದ ಶಿಖರ, 1748 ಮೀಟರಿನ ತಡಿಯಂಡಮೋಳು ನೋಡನೋಡುತ್ತ ಗುಂಡಿಯಾಗುತ್ತದೆ. (ಗುಡ್ಡ ಕುಸಿಯುವುದು ಬೇರೆ ಪಾಠ. 2018ರ ಆಗಸ್ಟ್ ನೋಡಿದ ಜಿಲ್ಲೆಯಾದರೂ ಪ್ರದರ್ಶನದ ಮೇಜಿನ ಮೇಲೆ ಸಿಗುವುದು ಅಡುಗೆ ಸೋಡಾದ ಜ್ವಾಲಾಮುಖಿಯೇ.) ಬರೀ ನೀರಿನ ಬಣ್ಣ ಥರ್ಮಾಕೋಲ್ ಮೇಲೆ ಹನಿಹನಿಯಾಗಿ ಜಾರುತ್ತದೆ. ಅದಕ್ಕೆ ನಾಲ್ಕು ಹನಿ ಫೆವಿಕಾಲ್ ಕಲಸಿ.

ಈಗ ಮಳೆ. ಹತ್ತಿಯ ಮೋಡವನ್ನು ಪಶ್ಚಿಮಕ್ಕೆ ಸಿಕ್ಕಿಸಿ, ಅದೇ ಕಡೆಯಿಂದ ಸ್ಪ್ರೇ ಒತ್ತಿಸಿ. ಸಾಮಾನ್ಯವಾಗಿ ಇಲ್ಲೇ ಎಡವಟ್ಟಾಗುವುದು. ಉತ್ಸಾಹಿ ಹುಡುಗ ಎರಡೂ ಕಡೆ ಒತ್ತಿ ಬೆಟ್ಟದ ಆಚೆಗಿನ, ಮಳೆ ಕಡಿಮೆ ಬೀಳುವ ‘ಮಳೆ ನೆರಳಿನ’ ಪ್ರದೇಶವನ್ನೂ ತೋಯಿಸಿಬಿಡುತ್ತಾನೆ. ಇನ್ನು ಗಾಳಿ ಬೆಟ್ಟ ಹತ್ತಬೇಕು, ಹತ್ತುತ್ತ ಹಿಗ್ಗಿ ತಣ್ಣಗಾಗಬೇಕು, ತಣ್ಣಗಾಗಿ ಆವಿ ಹನಿಯಾಗಬೇಕು. ಪಾಠವಿರುವುದೇ ಇದರಲ್ಲಿ, ಆದರೆ ಸ್ಪ್ರೇ ಬಾಟಲಿಗೆ ಇದ್ಯಾವುದೂ ಗೊತ್ತಿಲ್ಲ. ನೀರು ಹಾಕಿದರೆ ಬೆಟ್ಟ ಒದ್ದೆಯಾಗುತ್ತದೆ ಎಂದು ಮಕ್ಕಳು ಕಲಿಯುತ್ತಾರೆ. ಅಷ್ಟಕ್ಕೇ ಪೂರ್ಣ ಅಂಕ.

ಇದಕ್ಕಿಂತ ಅಗ್ಗದ, ಆದ್ದರಿಂದ ಯಾರಿಗೂ ಬೇಡವಾದ ದಾರಿಯೊಂದಿದೆ: ಮಳೆಯನ್ನೇ ಅಳೆಯುವುದು. ನೇರ ಗೋಡೆಯ ಎರಡು ಲೀಟರ್ ಬಾಟಲಿಯ ಕತ್ತು ಕೊಯ್ದು, ಅದನ್ನೇ ತಲೆಕೆಳಗಾಗಿಸಿ ಆಲಿಕೆಯಂತೆ ಕೂರಿಸಿ. ತಳದ ಉಬ್ಬುತಗ್ಗು ಮುಚ್ಚುವಷ್ಟು ಕಲ್ಲು ಹಾಕಿ ನೀರು ಹುಯ್ಯಿರಿ, ಆ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಸೂರಿನ ಕೆಳಗೆ, ಮರದ ಕೆಳಗೆ ಇಡಬೇಡಿ. ಬೆಳಿಗ್ಗೆ 8.30ಕ್ಕೆ ಓದಿ ಬರೆದು, ಮತ್ತೆ ಸೊನ್ನೆಗೆ ತನ್ನಿ. ಮಳೆ ಜೋರಾದಾಗ ಸಂಜೆಯೂ ಒಮ್ಮೆ ಓದಬೇಕು, ಇಲ್ಲವಾದರೆ ಬಾಟಲಿ ತುಂಬಿ ಹರಿದು ಲೆಕ್ಕ ಕೆಡುತ್ತದೆ.

ಬಾಟಲಿಯೂ ಬೇಡವೆಂದರೆ, ಇಲ್ಲಿನ ಕಾಫಿ ತೋಟಗಳಲ್ಲಿ ಮಳೆ ಅಳೆದು ಪುಸ್ತಕದಲ್ಲಿ ಬರೆದಿಡುವ ರೂಢಿ ಹಳೆಯದು. ಲೆಕ್ಕ ಇಂಚು, ಸೆಂಟಿನಲ್ಲಿ: 100 ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಪಶ್ಚಿಮಕ್ಕೆ ಭಾಗಮಂಡಲದ ಕಡೆಯದೊಂದು, ನಡುವೆ ಮಡಿಕೇರಿಯದೊಂದು, ಪೂರ್ವಕ್ಕೆ ಕುಶಾಲನಗರದ ಕಡೆಯದೊಂದು ಪುಟ ತರಿಸಿ ಕರಿಹಲಗೆಯಲ್ಲಿ ಪಕ್ಕಪಕ್ಕ ಬರೆದರೆ ಮಳೆ ನೆರಳು ತಾನಾಗಿ ಬಿದ್ದಿರುತ್ತದೆ. ಒಂದೇ ಕೊರತೆ: ಫೋಟೊದಲ್ಲಿ ಬರೀ ಅಂಕಿ ಕಾಣುತ್ತದೆ, ಹತ್ತಿ ಕಾಣುವುದಿಲ್ಲ.

ಪೌರನೀತಿಯ ಕಥೆಯೂ ಇದೇ. ಮಕ್ಕಳ ಸಂಸತ್ತೆಂದರೆ ದೆಹಲಿಯದೇ ಆಗಬೇಕು. ಪ್ರಶ್ನೆಯನ್ನೂ ಉತ್ತರವನ್ನೂ ಮೇಷ್ಟ್ರೇ ಬರೆದುಕೊಡುವುದರಿಂದ ಸಭಾತ್ಯಾಗ ಮಾತ್ರ ಸಹಜವಾಗಿ ಬರುತ್ತದೆ, ಗಂಟೆ ಹೊಡೆದಾಗ. 1952ರಲ್ಲಿ, ಪ್ರತ್ಯೇಕ ರಾಜ್ಯವಾಗಿದ್ದ ಕೊಡಗಿಗೇ ಒಂದು ವಿಧಾನಸಭೆಯಿತ್ತು, ಸದಸ್ಯರು 24 ಮಂದಿ, ತರಗತಿಯೊಂದಕ್ಕೆ ಅಳತೆ ಕೊಟ್ಟು ಹೊಲಿಸಿದಂತೆ. ಕಾಂಗ್ರೆಸ್ 15, ಉಳಿದವರು 9, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. ಮೈಸೂರಿನೊಡನೆ ಸೇರಬೇಕೇ, ಬೇಡವೇ ಎಂಬ ಒಂದೇ ವಿಷಯ ಕೊಟ್ಟು ಒಂದು ಪಿರಿಯಡ್ ಬಿಟ್ಟರೆ ಸಾಕಿತ್ತು. ಆದರೆ ಮಕ್ಕಳು ನಿಜವಾಗಿಯೂ ವಾದ ಮಾಡಿಬಿಡುವ ಅಪಾಯವಿದೆ. ಹಾಗಾಗಿ ಕೊಡಗು ಮೈಸೂರಿಗೆ ಸೇರಿದ 1956ರ ನವೆಂಬರ್ 1 ಬಿಟ್ಟ ಸ್ಥಳ ತುಂಬಲು ಮೀಸಲು.

ಮಳೆಯ ಮಾದರಿ ಇನ್ನೂ ಪ್ರದರ್ಶನಗೊಂಡಿಲ್ಲ. ಎಲ್ಲ ಸಿದ್ಧವಾಗಿದ್ದ ದಿನವೇ ಜಿಲ್ಲಾಡಳಿತ ಭಾರಿ ಮಳೆಗೆಂದು ರಜೆ ಕೊಟ್ಟಿತು. ಆ ರಜೆ ಸರಿದೂಗಿಸಲು ಫೆಬ್ರುವರಿಯಲ್ಲಿ ಒಂದು ಶನಿವಾರ ಮಧ್ಯಾಹ್ನ ಪೂರ್ತಿ ತರಗತಿ ಇದೆ. ಬಿಸಿಲು ಇರುತ್ತದೆ, ಕಿಟಕಿ ತೆರೆದುಕೊಳ್ಳಬಹುದು. ಸ್ಪ್ರೇ ಬಾಟಲಿಗೆ ನೀರು ಮಾತ್ರ ಮಕ್ಕಳು ಮನೆಯಿಂದ ತರಬೇಕು, ಆಗ ಶಾಲೆಯ ನಲ್ಲಿಯಲ್ಲಿ ನೀರಿರುವುದಿಲ್ಲ.