ಸ್ಪಷ್ಟನೆ: ಜಿ6ಪಿಡಿ ಕೊರತೆ ಇದ್ದವರಿಗೆ ಅವರೆಕಾಳು ವಿಷವಲ್ಲ

‘ಜಿ6ಪಿಡಿ ಕೊರತೆ ಇರುವ ಮಕ್ಕಳಿಗೆ ಅವರೆಕಾಳು ವಿಷ, ಕಬ್ಬಿಣಾಂಶದ ಟಾನಿಕ್ ಕುಡಿಸಿದರೆ ಕೊರತೆಯೇ ಹೋಗುತ್ತದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ಓಡಾಡುತ್ತಿದೆ. ಎರಡೂ ತಪ್ಪು. ಜಿ6ಪಿಡಿ ಎಂದರೆ ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ; ಅದರ ಕೊರತೆ ಹುಟ್ಟಿನಿಂದಲೇ ಬರುವಂಥದ್ದು.

ತೊಂದರೆ ಕೊಡುವುದು ಫಾವಾ ಬೀನ್ಸ್ (ಬ್ರಾಡ್ ಬೀನ್ಸ್). ಅದರಲ್ಲಿ ಕೊರತೆ ಇದ್ದವರ ರಕ್ತಕಣ ಒಡೆಯುವಂತೆ ಮಾಡುವ ವಿಸಿನ್, ಕಾನ್ವಿಸಿನ್ ಎಂಬ ವಸ್ತುಗಳಿವೆ. ನಮ್ಮ ಸೊಗಡವರೆ ಬೇರೆಯೇ ಜಾತಿಯ ಗಿಡ. ಹಿತಕಿದಬೇಳೆ ಸಾರು ಧಾರಾಳವಾಗಿ ಉಣ್ಣಬಹುದು. ತೊಗರಿ, ಹೆಸರು, ಕಡಲೆಗೂ ಭಯವಿಲ್ಲ.

ಕೆಂಪು ರಕ್ತಕಣದಲ್ಲಿ ಮೈಟೊಕಾಂಡ್ರಿಯಾ (ಜೀವಕೋಶದ ಶಕ್ತಿಕೇಂದ್ರ) ಇಲ್ಲ. ಹಾಗಾಗಿ ಆಕ್ಸಿಡೀಕರಣದ ಹೊಡೆತ ತಡೆಯಲು ಬೇಕಾದ ವಸ್ತುವಾದ ಎನ್‌ಎಡಿಪಿಎಚ್‌ಗೆ ಅದು ನೆಚ್ಚಿಕೊಂಡಿರುವುದು ಜಿ6ಪಿಡಿ ಕಿಣ್ವವನ್ನೇ. ಕಿಣ್ವ ಕಡಿಮೆಯಿದ್ದರೆ ಹಿಮೋಗ್ಲೋಬಿನ್ ಕೆಟ್ಟು ಗಂಟುಗಟ್ಟುತ್ತದೆ, ಪೊರೆ ಹಾಳಾಗಿ ಕಣ ಒಡೆಯುತ್ತದೆ. ಕಣ್ಣು ಹಳದಿ, ಮೂತ್ರ ಕಪ್ಪು ಚಹಾದ ಬಣ್ಣ. ದೋಷ ಎಕ್ಸ್ ವರ್ಣತಂತುವಿನ ಜೀನಿನಲ್ಲಿದೆ. ಟಾನಿಕ್ ಅಲ್ಲಿಗೆ ಮುಟ್ಟುವುದಿಲ್ಲ.

ಸಂದೇಶದಲ್ಲಿ ಇಲ್ಲದ ನಿಜವಾದ ಅಪಾಯಗಳು ಬೇರೆ: ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್, ಕುಷ್ಠರೋಗದ ಡ್ಯಾಪ್ಸೋನ್, ಕೆಲವು ಸೋಂಕುಗಳು. ಜೊತೆಗೆ ಮಗುವಿನ ಬಟ್ಟೆಯ ನಡುವೆ ಇಡುವ ನ್ಯಾಫ್ತಲೀನ್ ನುಸಿಗುಳಿಗೆ (ಇದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ!).

ಇನ್ನೊಂದು ಮಾತು: ರಕ್ತಕಣ ಒಡೆಯುತ್ತಿರುವಾಗಲೇ ಮಾಡಿದ ಜಿ6ಪಿಡಿ ಪರೀಕ್ಷೆ ‘ನಾರ್ಮಲ್’ ಎನ್ನಬಹುದು. ಕಿಣ್ವ ಕಡಿಮೆಯಿದ್ದ ಹಳೆಯ ಕಣಗಳು ಅಷ್ಟರಲ್ಲಿ ನಾಶವಾಗಿರುತ್ತವೆ. ಸುಮಾರು 3 ತಿಂಗಳ ನಂತರ ವೈದ್ಯರನ್ನು ಕೇಳಿ ಮತ್ತೆ ಪರೀಕ್ಷೆ ಮಾಡಿಸಿ.